ಹನ್ನೆರಡರ ಮಗುವಿಗೆ ಒಂದು ಕೆಲಸ

ಮೇ ತಿಂಗಳ ಕೊನೆಗೆ, ಪ್ರಾರಂಭೋತ್ಸವದ ತೋರಣ ಕಟ್ಟುವ ಹೊತ್ತಿಗೆ, ನಮ್ಮ ಕಡೆಯ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಶಿಕ್ಷಕರು ಕೂತು ವಾರ್ಷಿಕ ಕ್ರಿಯಾಯೋಜನೆ ಬರೆಯುತ್ತಾರೆ. ಇಕೋ ಕ್ಲಬ್, ವಿಜ್ಞಾನ ಸಂಘ, ಸಾಹಿತ್ಯ ಸಂಘ, ಮೀನಾ ತಂಡ, ಶಾಲಾ ಸಂಸತ್ತು, ಪ್ರತಿಭಾ ಕಾರಂಜಿ, ಸಂಭ್ರಮ ಶನಿವಾರ, ಮಕ್ಕಳ ಗ್ರಾಮಸಭೆ, ಜಯಂತಿಗಳು, ಕ್ರೀಡಾಕೂಟ, ಶೈಕ್ಷಣಿಕ ಪ್ರವಾಸ. ಪಟ್ಟಿ ಮುಗಿಯುವಷ್ಟರಲ್ಲಿ ಎರಡು ಪುಟ ತುಂಬಿರುತ್ತದೆ. ಕಾರ್ಯಕ್ರಮಗಳಿಗೆ ನಮ್ಮಲ್ಲಿ ಬರವಿಲ್ಲ. ಹಾಗಿದ್ದರೂ ಆರು, ಏಳು, ಎಂಟನೇ ತರಗತಿಯ ಮಕ್ಕಳು ಶಾಲೆಯೊಳಗೆ ಇದ್ದೂ ಇಲ್ಲದಂತೆ ಆಗುವುದು ಏಕೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ಹೊರಟದ್ದು.

ನಾನು ಕೊಪ್ಪಳ ಜಿಲ್ಲೆಯ ಒಣಭೂಮಿಯ ಊರೊಂದರಲ್ಲಿ ವಿಜ್ಞಾನ, ಗಣಿತ ಹೇಳುವ ಶಿಕ್ಷಕಿ. ಊರಿನ ಹಿರಿಯರ ಬಾಯಲ್ಲಿ ‘ಅಕ್ಕೋರು’, ಮಕ್ಕಳ ಬಾಯಲ್ಲಿ ‘ಟೀಚರ್’. ಮೂರನೇ ತರಗತಿಗೆ ಹೋಗಿ ಒಂದು ಪ್ರಶ್ನೆ ಕೇಳಿದರೆ ಇಡೀ ಕೋಣೆ ಎದ್ದು ನಿಲ್ಲುತ್ತದೆ. ಉತ್ತರ ಗೊತ್ತಿಲ್ಲದವರದೂ ಕೈ ಮೇಲೆ. ಅದೇ ಪ್ರಶ್ನೆಯನ್ನು ಏಳನೇ ತರಗತಿಯಲ್ಲಿ ಕೇಳಿದರೆ ಇಬ್ಬರು ಉತ್ತರ ಹೇಳುತ್ತಾರೆ, ಉಳಿದವರು ಆ ಇಬ್ಬರನ್ನು ನೋಡುತ್ತಾರೆ. ಉತ್ತರ ಗೊತ್ತಿರುವವರೂ ಬಾಯಿ ಬಿಡುವುದಿಲ್ಲ. ನಾಲ್ಕು ವರ್ಷಗಳಲ್ಲಿ ಆ ಕೈಗಳು ಎಲ್ಲಿ ಹೋದವು?

ಅರ್ಧ ಉತ್ತರ ನಮ್ಮ ವ್ಯವಸ್ಥೆಯಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ನಮ್ಮ ಸರ್ಕಾರಿ ಶಿಕ್ಷಕರೇ ಕಾರ್ಡು ಬರೆದು, ಹಾಡು ಕಟ್ಟಿ, ಕಲಿಕಾ ಏಣಿ ಮಾಡಿ ಅದನ್ನು ಬೆಳೆಸಿದರು. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯವರೆಗೆ ಮಗು ತನ್ನ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತದೆ, ತನ್ನ ಮೆಟ್ಟಿಲನ್ನು ತಾನೇ ಏರುತ್ತದೆ, ಗುಂಪು ಬದಲಿಸುತ್ತದೆ, ನೆಲದ ಮೇಲೆ ಕೂತು ಬರೆಯುತ್ತದೆ. ನಾಲ್ಕನೇ ತರಗತಿಯಿಂದ ಅದೆಲ್ಲ ನಿಲ್ಲುತ್ತದೆ. ಬೆಂಚು ಬರುತ್ತದೆ, ಪಠ್ಯಪುಸ್ತಕ ಬರುತ್ತದೆ, ಆರಕ್ಕೆ ಬರುವಷ್ಟರಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, 40 ನಿಮಿಷಕ್ಕೊಂದು ಗಂಟೆ. ಕೈಕಾಲು ಬೆಳೆದು, ತಾನೂ ಏನಾದರೂ ನಿರ್ಧರಿಸಬೇಕು ಎಂಬ ಆಸೆ ಮೊಳೆಯುವ ವಯಸ್ಸಿನಲ್ಲೇ ನಾವು ಮಗುವಿಗೆ ಸುಮ್ಮನೆ ಕೂತು ಕೇಳು ಎನ್ನುತ್ತೇವೆ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಸಂಶೋಧಕಿಯರಾದ ಜ್ಯಾಕ್ವೆಲಿನ್ ಎಕಲ್ಸ್ ಮತ್ತು ಕ್ಯಾರಲ್ ಮಿಜ್ಲಿ 1989ರಲ್ಲೇ ಇದನ್ನು ಬರೆದಿದ್ದಾರೆ. ಹರೆಯಕ್ಕೆ ಕಾಲಿಡುವ ಮಕ್ಕಳ ಆಸಕ್ತಿ ಕುಗ್ಗುವುದಕ್ಕೆ ವಯಸ್ಸೊಂದೇ ಕಾರಣ ಅನ್ನಲಾಗದು, ಆ ವಯಸ್ಸಿಗೆ ಬೇಕಾದದ್ದಕ್ಕೂ ಶಾಲೆ ಕೊಡುವುದಕ್ಕೂ ಹೊಂದಿಕೆ ತಪ್ಪುವುದು ದೊಡ್ಡ ಕಾರಣ ಎಂಬುದು ಅವರ ವಾದ. ಸ್ವಾತಂತ್ರ್ಯ ಬೇಕೆನ್ನುವಾಗ ಬಿಗಿ ಹೆಚ್ಚುತ್ತದೆ, ಗೆಳೆಯರ ಕಣ್ಣು ಚುಚ್ಚುವಾಗ ಎಲ್ಲರೆದುರು ಹೋಲಿಕೆ ಹೆಚ್ಚುತ್ತದೆ, ಮನೆಯಾಚೆ ಒಬ್ಬ ದೊಡ್ಡವರ ಆಸರೆ ಬೇಕೆನ್ನುವಾಗ ಶಿಕ್ಷಕರು ದೂರವಾಗುತ್ತಾರೆ. ಓದಿದಾಗ ನನಗೆ ನಮ್ಮ ಏಳನೇ ತರಗತಿಯೇ ಕಣ್ಣಿಗೆ ಬಂತು.

ಉಳಿದರ್ಧ ಉತ್ತರ ಹೊಲದಲ್ಲಿದೆ. ನಮ್ಮ ಭಾಗದಲ್ಲಿ ಬೀಜೋತ್ಪಾದನೆಯ ಹತ್ತಿ ಹಾಕುತ್ತಾರೆ. ಹೆಣ್ಣು ಸಾಲಿನ ಮೊಗ್ಗನ್ನು ಮಧ್ಯಾಹ್ನದ ಮೇಲೆ ಬಿಡಿಸಿ ಕೇಸರ ತೆಗೆದಿಡಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಇದಕ್ಕೆ ಎಲ್ಲರೂ ‘ಕ್ರಾಸಿಂಗ್’ ಅನ್ನುತ್ತಾರೆ. ಗಿಡ ಮಕ್ಕಳ ಎದೆಯೆತ್ತರ, ಮೊಗ್ಗು ಸಣ್ಣದು, ಸಣ್ಣ ಬೆರಳಿಗೆ ಸಲೀಸು. 11 ವರ್ಷದ ಮಗುವಿಗೆ ಆ ಕೈಚಳಕ ಬಂದಿರುತ್ತದೆ. ಬೆಳಗಿನ ಗಂಟೆಗಳೂ ಸಂಜೆಯ ಗಂಟೆಗಳೂ ಹೋದ ಮೇಲೆ ಶಾಲೆಗೆ ಉಳಿಯುವುದು ಬಿಸಿಯೂಟದ ಹೊತ್ತು. ಹಾಜರಿ ಪುಸ್ತಕದಲ್ಲಿ ಆ ಮಗು ಇರುತ್ತದೆ, ಪಾಠದಲ್ಲಿ ಇರುವುದಿಲ್ಲ. 14ರ ಒಳಗಿನವರನ್ನು ಕೂಲಿಗೆ ಹಚ್ಚುವುದು ಕಾನೂನಿಗೆ ವಿರುದ್ಧ ಎಂದು ನಾವು ಹೇಳುತ್ತೇವೆ, ಹೇಳಲೇಬೇಕು. ಆದರೆ ಆ ಮಗುವಿನ ಬದಿಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹೊಲದಲ್ಲಿ ಅದರ ಕೈಗೆ ಬೆಲೆ ಇದೆ. ಅದು ಬಾರದಿದ್ದರೆ ಅಲ್ಲಿ ಯಾರೋ ಕೇಳುತ್ತಾರೆ. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಅದು ಇದ್ದರೂ, ಬಿಟ್ಟರೂ, ಪಾಠ ಸಾಗುತ್ತದೆ.

ಈ ವಯಸ್ಸಿನ ಮಕ್ಕಳಿಗೆ ಕಾರ್ಯಕ್ರಮ ಯೋಜಿಸುವಾಗ ನಾನು ಈಗ ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದೇ: ಈ ಮಗು ಮಾಡಿದ ಕೆಲಸಕ್ಕೆ ಯಾರಾದರೂ ಕಾಯುತ್ತಿದ್ದಾರೆಯೇ? ಅದರ ಕೆಲಸ ನಿಂತರೆ ಯಾರಿಗಾದರೂ ಗೊತ್ತಾಗುತ್ತದೆಯೇ?

ಪ್ರತಿಭಾ ಕಾರಂಜಿಯನ್ನು ಈ ಪ್ರಶ್ನೆಯ ಮುಂದೆ ಇಟ್ಟು ನೋಡೋಣ. ಹಳ್ಳಿಯ ಮಗುವೊಂದು ಕ್ಲಸ್ಟರ್ ದಾಟಿ, ತಾಲ್ಲೂಕು ದಾಟಿ, ಜಿಲ್ಲೆಯ ವೇದಿಕೆಯಲ್ಲಿ ನಿಂತು ಜಾನಪದ ಗೀತೆ ಹಾಡುವುದನ್ನು ನೋಡಿದ ಯಾರೂ ಅದನ್ನು ಹಗುರವಾಗಿ ಮಾತಾಡಲಾರರು. ನಾನಂತೂ ಆಡುವುದಿಲ್ಲ. ಆದರೆ ಪ್ರತಿ ಶಾಲೆಯಲ್ಲೂ ಹೋಗುವವರು ಅದೇ ಕೆಲವು ಮಕ್ಕಳು. ಕಂಠಪಾಠಕ್ಕೂ ಅವಳೇ, ಭಾಷಣಕ್ಕೂ ಅವಳೇ, ಛದ್ಮವೇಷಕ್ಕೂ ಅವಳ ತಂಗಿಯೇ. ಉಳಿದವರು ಚಪ್ಪಾಳೆ ತಟ್ಟಲು ಕಲಿಯುತ್ತಾರೆ. ಆರನೇ ತರಗತಿಗೆ ಬರುವಷ್ಟರಲ್ಲಿ ತನ್ನ ಜಾಗ ವೇದಿಕೆಯ ಮೇಲೋ ಕೆಳಗೋ ಎಂಬುದು ಪ್ರತಿ ಮಗುವಿಗೂ ಖಾತ್ರಿಯಾಗಿರುತ್ತದೆ. ಆಮೇಲೆ ಎಷ್ಟು ಕಾರ್ಯಕ್ರಮ ಹಾಕಿಕೊಂಡರೂ ಕೆಳಗೆ ಕೂತವರು ಕೆಳಗೇ ಕೂತಿರುತ್ತಾರೆ.

ನಮ್ಮ ಶಾಲೆಯಲ್ಲಿ ದಾರಿ ಸ್ವಲ್ಪ ತಿರುಗಿದ್ದು ಮಳೆಯಿಂದ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂಥದ್ದನ್ನು ಮಾಡಿ ನೋಡಲು ಯಾವ ಅನುದಾನವೂ ಬೇಕಿಲ್ಲ.

ಎರಡು ಲೀಟರಿನ ತಂಪುಪಾನೀಯದ ಖಾಲಿ ಬಾಟಲಿ ತಂದು, ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಕೂರಿಸಿದರೆ ಮಳೆಮಾಪಕ. ತಳ ಉಬ್ಬುತಗ್ಗು ಇರುವುದರಿಂದ ಗೋಡೆ ನೆಟ್ಟಗಾಗುವ ಮಟ್ಟದವರೆಗೆ ಹರಳು, ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಹಾಕಬೇಕು. ಅಲ್ಲಿಂದ ಮೇಲಕ್ಕೆ ಕಾಗದದ ಸ್ಕೇಲು, ಅದರ ಮೇಲೆ ಪಾರದರ್ಶಕ ಟೇಪು. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತಾರೆ. ನಾವೂ 8.30 ಎಂದೇ ಇಟ್ಟುಕೊಂಡೆವು. ಆರು ಮತ್ತು ಏಳನೇ ತರಗತಿಯವರು ಜೋಡಿ ಜೋಡಿಯಾಗಿ ಪಾಳಿ ಹಚ್ಚಿಕೊಂಡರು. ಒಬ್ಬರು ನೋಡುವುದು, ಇನ್ನೊಬ್ಬರು ವಹಿಯಲ್ಲಿ ಬರೆಯುವುದು, ಇಬ್ಬರೂ ಸಹಿ ಮಾಡುವುದು. ಆಮೇಲೆ ಶಾಲೆಯ ಗೇಟಿಗೆ ತೂಗುಹಾಕಿದ ಹಳೆಯ ಕರಿಹಲಗೆಯ ಮೇಲೆ ಅಂದಿನ ಅಂಕಿ. ಗೇಟಿಗೇ ಹಾಕಬೇಕು ಎಂದವರು ಮಕ್ಕಳು. ಎಲ್ಲ ಹೊಲಕ್ಕೂ ದಾರಿ ಅದೇ.

ಶುರುವಿನಲ್ಲಿ ಒಂದು ಜೋಡಿಯ ಅಂಕಿ ವಿಪರೀತ ಬರತೊಡಗಿತು. ಪಂಚಾಯಿತಿ ಕಟ್ಟಡದ ಹತ್ತಿರ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮಳೆಮಾಪನ ಯಂತ್ರವಿದೆ, ಅದರ ಲೆಕ್ಕಕ್ಕೂ ಇವರ ಲೆಕ್ಕಕ್ಕೂ ಅಜಗಜಾಂತರ. ನೋಡಿದರೆ ಆ ಹುಡುಗರು ಚೆಂದ ಕಾಣಲೆಂದು ಅಗಲವಾದ ಡೀಸೆಲ್ ಲಾಳಿಕೆಯನ್ನು ಸಣ್ಣ ಬಾಟಲಿಯ ಮೇಲೆ ಇಟ್ಟಿದ್ದಾರೆ. ಲಾಳಿಕೆಯ ಬಾಯಿ 12 ಸೆಂಟಿಮೀಟರ್, ಬಾಟಲಿ 6 ಸೆಂಟಿಮೀಟರ್. ಬಾಯಿ ಎರಡು ಪಟ್ಟು ಎಂದರೆ ಅಂಕಿಯೂ ಎರಡು ಪಟ್ಟು ಬರಬೇಕು ಎಂದು ಒಬ್ಬ ಹಟ ಹಿಡಿದ. ಲೆಕ್ಕ ಕೂಡಲಿಲ್ಲ. ವೃತ್ತದ ವಿಸ್ತೀರ್ಣದ ಪಾಠ ಆಗ ನಮಗೆ ನಿಜಕ್ಕೂ ಬೇಕಾಯಿತು. ಬಾಯಿ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು, ಬಾಟಲಿಯಲ್ಲಿ 40 ಮಿಲಿಮೀಟರ್ ನಿಂತರೆ ಬಿದ್ದ ಮಳೆ 10. ಎಷ್ಟೋ ವರ್ಷ ಪೈ ಆರ್ ಸ್ಕ್ವೇರ್ ಅನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಆ ಸೂತ್ರಕ್ಕಾಗಿ ಮಕ್ಕಳು ಜಗಳಾಡಿದ್ದನ್ನು ನೋಡಿದ್ದು ಅದೇ ಮೊದಲು.

ಹಲಗೆ ನೋಡಿ ಮೊದಲು ನಿಂತವರು ಬಿತ್ತನೆಗೆ ಹೊರಟ ಒಬ್ಬ ಹಿರಿಯರು.

“ಏ ತಮ್ಮಾ, ನಿನ್ನಿ ಮಳಿ ಎಷ್ಟ್ ಆತು?”

“ಹದಿನೆಂಟು ಮಿಲಿಮೀಟರ್ ರೀ ಯಜ್ಜಾ.”

“ಅದನ್ನ ತಗೊಂಡು ನಾ ಏನ್ ಮಾಡ್ಲಿ? ಬಿತ್ತಾಕ ಹದಾ ಆತೋ ಇಲ್ಲೋ, ಅದನ್ನ ಹೇಳು.”

ಹುಡುಗ ನನ್ನ ಮುಖ ನೋಡಿದ. ನಾನು ಹೇಳಲಿಲ್ಲ. ಅವನ ಜೋಡಿಯಾಗಿದ್ದ ಹುಡುಗಿ ಮಧ್ಯಾಹ್ನ ಬಂದು ಕೇಳಿದಳು: “ಟೀಚರ್, ಒಂದು ಗೇಣು ಹಸಿ ಇಳಿಬೇಕಂದ್ರ ಎಷ್ಟ್ ಮಿಲಿಮೀಟರ್ ಬೇಕ್ರಿ?” ನಮ್ಮ ಒಕ್ಕಲಿಗರು ಮಳೆಯನ್ನು ಅಳೆಯುವುದೇ ಹಾಗೆ. ಹೊಲಕ್ಕೆ ಹೋಗಿ ಮಣ್ಣು ಕೆದರಿ, ಎಷ್ಟು ಬೆರಳು, ಎಷ್ಟು ಗೇಣು ಹಸಿ ಇಳಿದಿದೆ ಎಂದು ನೋಡಿ ಕೂರಿಗೆ ಹೂಡುವುದು. ಆ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಇಬ್ಬರು ಮಕ್ಕಳ ಮನೆಯ ಹೊಲ ಎರೆ, ಅಂದರೆ ಕಪ್ಪುಮಣ್ಣು; ಇಬ್ಬರದು ಮಸಾರಿ, ಅಂದರೆ ಕೆಂಪುಮಣ್ಣು. ಮಳೆ ಬಿದ್ದ ಮರುದಿನ ಅವರವರ ಹೊಲದಲ್ಲಿ ಕಳೆ ತೆಗೆಯುವ ಕುರ್ಚಿಗೆಯಿಂದ ನೆಟ್ಟಗೆ ಕೆದರಿ, ಸ್ಕೇಲು ಇಟ್ಟು, ಒದ್ದೆ ಮಣ್ಣು ಎಲ್ಲಿಗೆ ನಿಲ್ಲುತ್ತದೆ ಎಂದು ಬರೆದುಕೊಂಡು ಬರತೊಡಗಿದರು. ಕೆಲವು ಮಳೆಗಳಾದ ಮೇಲೆ ವಹಿಯೇ ಮಾತಾಡಿತು: ಅದೇ ಮಳೆಗೆ ಮಸಾರಿಯಲ್ಲಿ ಹಸಿ ಆಳಕ್ಕೆ ಇಳಿಯುತ್ತದೆ, ಎರೆಯಲ್ಲಿ ಮೇಲೆಯೇ ನಿಲ್ಲುತ್ತದೆ. ಎರೆಮಣ್ಣು ಅಷ್ಟಷ್ಟು ಆಳದಲ್ಲೇ ಹೆಚ್ಚು ನೀರು ಹಿಡಿದುಕೊಳ್ಳುವುದರಿಂದ ಹೀಗಾಗುತ್ತದೆ. ಮಕ್ಕಳ ಅಪ್ಪಂದಿರಿಗೆ ಇದು ಹೊಸದೇನಲ್ಲ. ಆದರೆ ಮಿಲಿಮೀಟರಿಗೂ ಬೆರಳಿಗೂ ಹೊಂದಿಸಿದ ಒಂದು ಕೋಷ್ಟಕ ಆ ಊರಿನಲ್ಲಿ ಅದಕ್ಕೂ ಮುಂಚೆ ಯಾರ ಬಳಿಯೂ ಇರಲಿಲ್ಲ. ಅದನ್ನು ಮಾಡಿದವರು ಆರು, ಏಳನೇ ತರಗತಿಯ ಮಕ್ಕಳು.

ಗೇಟಿನ ಹಲಗೆಯಲ್ಲಿ ಆಮೇಲೆ ಎರಡು ಸಾಲು ಬಂದವು. ಮಳೆ ಇಷ್ಟು, ಹಸಿ ಇಷ್ಟು. ಒಬ್ಬ ಹುಡುಗ ಮೂರನೆಯ ಸಾಲು ಸೇರಿಸಿದ: ಎಕರೆಗೆ ಬಿದ್ದ ನೀರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಎಕರೆಗೆ ಸುಮಾರು 4,047 ಚದರ ಮೀಟರ್. 18 ಮಿಲಿಮೀಟರ್ ಎಂದರೆ ಸುಮಾರು 73,000 ಲೀಟರ್. ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಊರಿನ ಮಕ್ಕಳು ಈ ಅಂಕಿಯನ್ನು ನಂಬಲಿಲ್ಲ, ಮೂರು ಸಲ ಗುಣಾಕಾರ ಮಾಡಿ ನೋಡಿದರು.

ಮಳೆಗಳ ಹೆಸರು ತಂದವರು ಅಜ್ಜಿಯರು. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಮಕ್ಕಳು ತಿಂಗಳ ಲೆಕ್ಕದ ಪಕ್ಕದಲ್ಲೇ ಮಳೆ ನಕ್ಷತ್ರದ ಲೆಕ್ಕವನ್ನೂ ಇಟ್ಟರು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎಂದು ಮನೆಯಲ್ಲಿ ಕೇಳಿದ್ದನ್ನು ಬರೆದು, ಅದರ ಕೆಳಗೆ ಆ ವರ್ಷ ಮಘೆಯಲ್ಲಿ ಬಿದ್ದ ಮಳೆ ಎಷ್ಟೆಂದು ಬರೆದರು. ಕನ್ನಡದ ಶಿಕ್ಷಕರು ಗಾದೆಗಳ ಪಾಠವನ್ನು ಅಲ್ಲಿಂದಲೇ ಎತ್ತಿಕೊಂಡರು, ಸಮಾಜದವರು ನಕ್ಷೆ ಬರೆಸಿದರು. ಯಾರೂ ಇದಕ್ಕೊಂದು ಸಮಿತಿ ಮಾಡಲಿಲ್ಲ.

ಈ ಎಲ್ಲದರ ನಡುವೆ ನನಗೆ ಮುಖ್ಯವಾಗಿ ಕಂಡದ್ದು ಕೊನೆಯ ಬೆಂಚು. ಪಾಳಿಯಲ್ಲಿ ಎಲ್ಲರ ಹೆಸರೂ ಇತ್ತು. ಜಾಣರು, ಓದಲು ತಡವರಿಸುವವರು, ಸದಾ ಗೈರಾಗುವವರು, ಎಲ್ಲರೂ. ಓದಲು ಹಿಂಜರಿಯುವ ಹುಡುಗನೊಬ್ಬ ಶಾಲೆಯ ಹಿಂದಿನ ಮನೆಯವನು. ರಜಾ ದಿನಗಳ ಪಾಳಿ ಯಾರಿಗೂ ಬೇಡವಾದಾಗ ಅದನ್ನು ತಾನಾಗಿ ತೆಗೆದುಕೊಂಡ. ದಸರಾ ರಜೆಯ ಒಂದು ದಿನವನ್ನೂ ಬಿಡಲಿಲ್ಲ. ಅವನ ಅಕ್ಷರ ಸೊಟ್ಟ, ಅಂಕಿ ಸ್ಪಷ್ಟ. ಒಂದು ಬೆಳಿಗ್ಗೆ ಹಲಗೆ ಖಾಲಿ ಇದ್ದುದಕ್ಕೆ ದಾರಿಹೋಕರಿಬ್ಬರು ಅವನ ಮನೆಗೇ ಹೋಗಿ ಕೇಳಿದ್ದರಂತೆ. ಅದನ್ನು ಹೇಳುವಾಗ ಆ ಹುಡುಗ ನಿಂತ ಭಂಗಿಯೇ ಬೇರೆ ಇತ್ತು.

ಕ್ರಾಸಿಂಗ್ ನಿಂತುಹೋಯಿತು ಎಂದು ನಾನು ಹೇಳಲಾರೆ. ಸಾಲ, ಮಳೆ, ಮದುವೆ, ಆಸ್ಪತ್ರೆ, ಇವುಗಳ ಮುಂದೆ ಶಾಲೆಯ ಒಂದು ಮಳೆಮಾಪಕ ಎಷ್ಟರದ್ದು? ಕೆಲವು ಮಕ್ಕಳು ಆ ಹಂಗಾಮಿನಲ್ಲೂ ಹೋದರು. ಆದರೆ ಪಾಳಿಯ ದಿನ ಅವರು ಬಂದರು. ಒಬ್ಬಳ ತಾಯಿ ನನಗೆ ಹೇಳಿದ ಮಾತು ಇದು: “ಇವತ್ತ ಅಕಿ ಪಾಳಿ ಐತಂತ್ರಿ ಅಕ್ಕೋರ, ಬಿಟ್ಟು ಬರಾಕ ಒಲ್ಲೆ ಅಂತಾಳ.” ತಾಯಿಯ ದನಿಯಲ್ಲಿ ಸಿಟ್ಟು ಇರಲಿಲ್ಲ. ಅಲ್ಲಿಂದ ಮುಂದೆ ಆ ಮನೆಯ ಜೊತೆ ಮಾತಾಡಲು ನನಗೊಂದು ಬಾಗಿಲು ಸಿಕ್ಕಿತು. ಮಗು ತಾನೇ ಶಾಲೆಯ ಪರವಾಗಿ ಮನೆಯಲ್ಲಿ ವಾದಿಸುವಾಗ ನಮ್ಮ ದಾಖಲಾತಿ ಆಂದೋಲನದ ಜಾಥಾಕ್ಕಿಂತ ಅದರ ಮಾತಿಗೆ ತೂಕ ಹೆಚ್ಚು.

ಹಂಗಾಮಿನ ಮಾತು ಬಂದದ್ದರಿಂದ ಒಂದು ಸಂಗತಿ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆಗಳ ಬೋಧನೆ ಇರಬೇಕು ಎನ್ನುತ್ತದೆ. ಈ ಗಂಟೆಗಳು ಎಲ್ಲ ತಿಂಗಳಲ್ಲೂ ಒಂದೇ ತೂಕದವು ಎಂಬಂತೆ ನಾವು ಯೋಜನೆ ಮಾಡುತ್ತೇವೆ. ಊರಿನ ಲೆಕ್ಕ ಹಾಗಿಲ್ಲ. ಬಿತ್ತನೆ, ಕ್ರಾಸಿಂಗ್, ಹತ್ತಿ ಬಿಡಿಸುವುದು, ಜಾತ್ರೆ, ಗುಳೆ ಹೋಗುವ ತಿಂಗಳು, ಇವನ್ನು ಮೊದಲು ಹಾಳೆಯ ಮೇಲೆ ಬರೆದು ಆಮೇಲೆ ಶಾಲೆಯ ಕಾರ್ಯಕ್ರಮ ಬರೆದರೆ, ಮಕ್ಕಳನ್ನು ಯಾವಾಗ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳಬೇಕು ಎಂಬುದು ತಾನಾಗಿ ಕಾಣುತ್ತದೆ. ನಾವು ಹಬ್ಬ, ಮೇಳಗಳನ್ನೆಲ್ಲ ಜನವರಿ, ಫೆಬ್ರವರಿಗೆ ಇಡುತ್ತೇವೆ. ಮಕ್ಕಳು ಕೈಜಾರುವುದು ಆಗಸ್ಟಿನಿಂದ ಅಕ್ಟೋಬರ್ ನಡುವೆ.

ಕೋವಿಡ್ ನಂತರದ ಕಲಿಕಾ ಚೇತರಿಕೆಯ ವರ್ಷ ನಡೆದ ಕಲಿಕಾ ಹಬ್ಬಗಳು ನನಗೆ ಇಷ್ಟವಾಗಿದ್ದವು. ಕಾಗದ ಕತ್ತರಿಸುವುದು, ಏನಾದರೂ ಮಾಡಿ ಆಡುವುದು, ಹಾಡುವುದು, ಊರು ತಿಳಿಯಲು ಹೊರಡುವುದು, ಎಲ್ಲ ಮಕ್ಕಳಿಗೂ ಜಾಗವಿತ್ತು. ಬಹುಮಾನ ಇರಲಿಲ್ಲ ಎಂಬುದೇ ಅದರ ದೊಡ್ಡ ಗುಣ. ಕೊರತೆ ಒಂದೇ, ಎರಡು ದಿನಕ್ಕೆ ಮುಗಿದುಹೋಯಿತು. ಊರು ತಿಳಿಯಲು ಹೋದ ಮಕ್ಕಳು ಬರೆದು ತಂದದ್ದನ್ನು ಆಮೇಲೆ ಯಾರೂ ಕೇಳಲಿಲ್ಲ.

ಮಕ್ಕಳ ಗ್ರಾಮಸಭೆಗೂ ಇದೇ ಮಾತು ಇನ್ನಷ್ಟು ಬಲವಾಗಿ ಅನ್ವಯಿಸುತ್ತದೆ. 1990ರ ದಶಕದಲ್ಲಿ ಕುಂದಾಪುರದ ಕಡೆ ದುಡಿಯುವ ಮಕ್ಕಳ ಭೀಮಸಂಘದ ಜೊತೆ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. ಮಕ್ಕಳೇ ಊರು ಸುತ್ತಿ, ಮಾಹಿತಿ ಕಲೆಹಾಕಿ, ದೊಡ್ಡವರ ಎದುರು ಕೂತು ಮಾತಾಡಿದರು. ಅದರ ಬೆನ್ನಿಗೆ ಈ ಶತಮಾನದಲ್ಲಿ ರಾಜ್ಯದ ಎಲ್ಲ ಪಂಚಾಯಿತಿಗಳಲ್ಲೂ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ಬಂತು. ಆರರಿಂದ ಎಂಟನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯ ಪೌರನೀತಿ ಪಾಠ ಇನ್ನೊಂದಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಬಹಳ ಕಡೆ ನಡೆಯುವುದು ಏನು? ಶಾಮಿಯಾನ, ಸ್ವಾಗತಗೀತೆ, ಅತಿಥಿಗಳ ಭಾಷಣ, ಕೊನೆಗೆ ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಯನ್ನು ಒಬ್ಬಳು ಓದುವುದು. ‘ಪರಿಶೀಲಿಸಲಾಗುವುದು’ ಎಂಬ ಉತ್ತರ. ಹನ್ನೆರಡು ವರ್ಷದ ಮಗು ಅಷ್ಟರಲ್ಲೇ ಎಲ್ಲವನ್ನೂ ಅರ್ಥ ಮಾಡಿಕೊಳ್ಳುತ್ತದೆ. ಮುಂದಿನ ವರ್ಷ ಅದು ಕೈ ಎತ್ತುವುದಿಲ್ಲ.

ಮಕ್ಕಳ ಗ್ರಾಮಸಭೆಯ ಯೋಜನೆ ಸಭೆಯ ದಿನದ ಬಗ್ಗೆ ಇರಬಾರದು, ಅದರ ಹಿಂದಿನ ಎರಡು ತಿಂಗಳು ಮತ್ತು ಮುಂದಿನ ಎರಡು ತಿಂಗಳ ಬಗ್ಗೆ ಇರಬೇಕು. ಶುದ್ಧ ನೀರಿನ ಘಟಕ ತಿಂಗಳಲ್ಲಿ ಎಷ್ಟು ದಿನ ಬಂದ್ ಇತ್ತು ಎಂದು ಮಕ್ಕಳು ದಿನಾ ಗುರುತು ಹಾಕಿ ಆ ಹಾಳೆ ಹಿಡಿದು ಹೋದರೆ, ‘ನೀರಿನ ತೊಂದರೆ ಇದೆ’ ಎಂಬ ಸಾಲಿಗಿಂತ ಅದು ಗಟ್ಟಿ. ಮತ್ತು ಸಭೆಯ ನಂತರ ಅನುಪಾಲನಾ ವರದಿ ಮಕ್ಕಳ ಕೈಗೇ ಬರಬೇಕು, ಪ್ರಾರ್ಥನೆಯ ಹೊತ್ತಿಗೆ ಅದನ್ನು ಓದಬೇಕು. ‘ಈ ವರ್ಷ ಹಣ ಇಲ್ಲ, ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸುತ್ತೇವೆ’ ಎಂಬ ಉತ್ತರವಾದರೂ ನಡೆಯುತ್ತದೆ. ಉತ್ತರವೇ ಬಾರದಿದ್ದರೆ ನಡೆಯುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಅವಧಿಯಲ್ಲಿ ಬ್ಯಾಗಿಲ್ಲದ 10 ದಿನಗಳ ಮಾತು ಆಡುತ್ತದೆ. ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಮಕ್ಕಳು ಕಲಿಯಬೇಕು ಎನ್ನುತ್ತದೆ. ನಮ್ಮ ಸುತ್ತ ಅಂಥವರು ಬೇಕಾದಷ್ಟಿದ್ದಾರೆ. ಕಿನ್ನಾಳದ ಗೊಂಬೆ ಮಾಡುವವರು ನಮ್ಮ ಜಿಲ್ಲೆಯವರೇ, ಇಳಕಲ್ ಸೀರೆಯ ಮಗ್ಗದ ಸದ್ದು ನಮ್ಮ ಪಕ್ಕದ ಊರುಗಳಲ್ಲೇ ಕೇಳುತ್ತದೆ. ಎರಡು ದಡಿಗೆ ಎರಡು ಲಾಳಿ, ಒಡಲಿಗೊಂದು ಲಾಳಿ ಎಸೆಯುವ ಕೈಯನ್ನು ಒಂದು ದಿನ ಕೂತು ನೋಡಿದ ಮಗು ವಿನ್ಯಾಸ, ಎಣಿಕೆ, ಸಮಮಿತಿಯ ಬಗ್ಗೆ ಕೇಳುವ ಪ್ರಶ್ನೆಗಳು ಬೇರೆಯೇ ಆಗಿರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಬೇಕು, ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಭಾಗದ ಮಕ್ಕಳಿಗೆ ದುಡಿಮೆ ಪರಿಚಯಿಸುವ ಅಗತ್ಯವಿಲ್ಲ, ಅವರು ಅದರಲ್ಲೇ ಬೆಳೆದವರು. ನೇಕಾರರ ಮನೆಯ ಮಗುವನ್ನು ಮಗ್ಗಕ್ಕೂ ಕುಂಬಾರರ ಮನೆಯ ಮಗುವನ್ನು ತಿಗರಿಗೂ ಕಳಿಸಿ ‘ಕೌಶಲ’ ಎಂದು ಬರೆದುಕೊಂಡರೆ ನಾವು ಮಾಡಿದ್ದು ದ್ರೋಹ. ನೇಕಾರರ ಮಗಳು ಬ್ಯಾಂಕಿನೊಳಗೆ ಹೋಗಿ ನೋಡಲಿ, ಅಂಗಡಿಯವರ ಮಗ ಮಗ್ಗದ ಗುಂಡಿಯಲ್ಲಿ ಕಾಲಿಡಲಿ. ಮಗು ಅಲ್ಲಿ ಪ್ರಶ್ನೆ ಕೇಳಬೇಕು, ಅಳೆಯಬೇಕು, ಬರೆಯಬೇಕು, ಬಂದು ಇತರರಿಗೆ ಹೇಳಬೇಕು. ಕೈಗೆ ಕೆಲಸ ಕೊಟ್ಟು ತಲೆಗೆ ರಜೆ ಕೊಡುವ ದಿನಗಳು ಬೇಡವೇ ಬೇಡ.

ಹುಡುಗಿಯರ ವಿಷಯ ಬೇರೆಯಾಗಿ ಹೇಳಲೇಬೇಕು. ಏಳನೇ ತರಗತಿಯ ಹುಡುಗಿ ತಿಂಗಳಲ್ಲಿ ಮೂರ್ನಾಲ್ಕು ದಿನ ಬಾರದಿದ್ದರೆ ಅವಳಿಗೆ ಆಸಕ್ತಿ ಇಲ್ಲವೆಂದು ಬರೆಯುವ ಮೊದಲು ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ನಲ್ಲಿಯಲ್ಲಿ ನೀರಿದೆಯೇ ನೋಡಬೇಕು. ‘ಶುಚಿ’ ಯೋಜನೆಯ ಪ್ಯಾಡು ಬಂದರೂ ಅದನ್ನು ಬದಲಿಸಲು ಜಾಗವಿಲ್ಲದಿದ್ದರೆ ಅವಳು ಮನೆಯಲ್ಲೇ ಉಳಿಯುತ್ತಾಳೆ. ನನ್ನ ಯೋಜನೆಯ ಹಾಳೆಯಲ್ಲಿ ಈಗ ಇದು ಮೊದಲ ಸಾಲು.

ಶಿಕ್ಷಕರ ಮಾತೂ ಆಡಬೇಕು. ಮಕ್ಕಳ ಮಾಹಿತಿಯ ಸ್ಯಾಟ್ಸ್ ತಂತ್ರಾಂಶದಲ್ಲಿ ನಮೂದು, ಬಿಸಿಯೂಟದ ಲೆಕ್ಕ, ಮೊಟ್ಟೆಯ ಫೋಟೊ, ಮತದಾರರ ಪಟ್ಟಿಯ ಬಿಎಲ್ಒ ಕೆಲಸ, ಸಮೀಕ್ಷೆ, ತರಬೇತಿ. ಇವುಗಳ ನಡುವೆ ಹೊಸ ಕಾರ್ಯಕ್ರಮ ಎಂದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಕಾಯ್ದೆಯ ಪ್ರಕಾರ ಹಿರಿಯ ಪ್ರಾಥಮಿಕ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆ, ದೈಹಿಕ ಶಿಕ್ಷಣ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಅವರು ಇರುವ ಸರ್ಕಾರಿ ಶಾಲೆ ನಮ್ಮ ಸುತ್ತಮುತ್ತ ಕಾಣಸಿಗುವುದಿಲ್ಲ. ಹಾಗಾಗಿ ನನ್ನ ಸಲಹೆ ಸೇರಿಸುವುದರ ಬಗ್ಗೆ ಇಲ್ಲ, ಬಿಡುವುದರ ಬಗ್ಗೆ. ಎರಡು ಪುಟದ ಪಟ್ಟಿಯಲ್ಲಿ ಕಡ್ಡಾಯವಾದವನ್ನು ಸರಳವಾಗಿ ಮುಗಿಸಿ. ಉಳಿದ ಶಕ್ತಿಯನ್ನೆಲ್ಲ ವರ್ಷಪೂರ್ತಿ ನಡೆಯುವ ಒಂದೇ ಕೆಲಸಕ್ಕೆ ಹಾಕಿ. ವಾರಕ್ಕೊಂದು ಅವಧಿ, ತಿಂಗಳ ಸಂಭ್ರಮ ಶನಿವಾರ, ಇಷ್ಟು ಸಾಕು. ಅದು ಮಳೆಯೇ ಆಗಬೇಕಿಲ್ಲ. ಕೆರೆಗೆ ಬರುವ ಹಕ್ಕಿಗಳ ದಾಖಲೆ ಆಗಬಹುದು, ಊರಿನ ಹಿರಿಯರ ಬಾಯಿಯ ಹಂತಿಪದಗಳನ್ನು, ಅಂದರೆ ಕಣದಲ್ಲಿ ರಾಶಿ ಮಾಡುವಾಗಿನ ಹಾಡುಗಳನ್ನು, ಬರೆದಿಡುವುದು ಆಗಬಹುದು, ಒಂದರಿಂದ ಮೂರರ ಮಕ್ಕಳಿಗೆ ದಿನಾ ಕಥೆ ಓದಿ ಹೇಳುವ ಜವಾಬ್ದಾರಿ ಆಗಬಹುದು. ಸಣ್ಣ ಮಕ್ಕಳು ‘ಅಕ್ಕ ಇವತ್ತ ಯಾಕ ಬಂದಿಲ್ರಿ?’ ಎಂದು ಕೇಳುವಂತಾದರೆ ಆ ಅಕ್ಕ ನಾಳೆ ತಪ್ಪಿಸುವುದಿಲ್ಲ. ತಡವರಿಸಿ ಓದುವ ಏಳನೆಯವಳಿಗೆ ಎರಡನೆಯವರ ಪುಸ್ತಕ ಓದಲು ಇದಕ್ಕಿಂತ ಗೌರವದ ನೆಪ ಸಿಗದು.

ಮಾಡಿಸುವಾಗ ಒಂದು ಮಾತು: ಎಲ್ಲ ಮಕ್ಕಳಿಗೂ ಪಾಳಿ ಬರಲಿ, ಬಹುಮಾನ ಬೇಡ. ಬಹುಮಾನ ಬಂದ ಕ್ಷಣ ಮತ್ತೆ ಅದೇ ನಾಲ್ವರು ಮುಂದೆ, ಉಳಿದವರು ಚಪ್ಪಾಳೆಗೆ.

ನಮ್ಮ ಎದುರು ಈಗ ಇರುವ ತೊಡಕು ಎಂಟನೇ ತರಗತಿ. ಕಾಯ್ದೆ ಆರರಿಂದ ಎಂಟನ್ನು ಒಂದು ಹಂತ ಎಂದರೂ ಕರ್ನಾಟಕದ ಬಹುಪಾಲು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ನಿಲ್ಲುತ್ತವೆ, ಎಂಟು ಹೈಸ್ಕೂಲಿಗೆ ಸೇರುತ್ತದೆ. ಆ ಹಂತದ ನಟ್ಟನಡುವೆ ಮಗು ಶಾಲೆ ಬದಲಿಸುತ್ತದೆ, ಊರು ಬದಲಿಸುತ್ತದೆ. ಮುಂಚೆ ಎಂಟನೆಯವರಿಗೆ ಸಿಗುತ್ತಿದ್ದ ಸೈಕಲ್ ಈಗ ಇಲ್ಲ. ಹುಡುಗಿಯರಿಗೆ ಬಸ್ಸು ಉಚಿತ, ಆದರೆ ಶಾಲೆಯ ಹೊತ್ತಿಗೆ ಬಸ್ಸು ಬರಬೇಕಲ್ಲ. ಬಿಟ್ಟುಹೋಗುವವರು ಹೆಚ್ಚಾಗಿ ಈ ಸಂಧಿಯಲ್ಲೇ ಬಿಟ್ಟುಹೋಗುತ್ತಾರೆ.

ಅದಕ್ಕಾಗಿ ಹೋಬಳಿಯ ಹೈಸ್ಕೂಲಿನ ವಿಜ್ಞಾನ ಶಿಕ್ಷಕರ ಜೊತೆ ಮಾತಾಡಿದ್ದೇವೆ. ಏಳನೆಯವರು ಮಾರ್ಚಿನಲ್ಲೇ ಒಂದು ದಿನ ಅಲ್ಲಿಗೆ ಹೋಗುತ್ತಾರೆ. ಹಿಂದಿನ ವರ್ಷ ಇಲ್ಲಿಂದ ಹೋದ ಮಕ್ಕಳೇ ಅವರಿಗೆ ಶಾಲೆ ತೋರಿಸುತ್ತಾರೆ. ಜೂನ್‌ನಿಂದ ಅಲ್ಲೂ ಒಂದು ಮಳೆಮಾಪಕ ಇರುತ್ತದೆ, ನಮ್ಮಿಂದ ಹೋದವರೇ ಅದರ ಮೊದಲ ಪಾಳಿ. ಎರಡೂ ಊರುಗಳ ಅಂಕಿ ಎರಡೂ ಗೇಟಿನಲ್ಲಿ ಬರೆಯುವುದೆಂದು ಮಾತಾಗಿದೆ. ಮಳೆಮಾಪಕ ಇಡಲು ಅಲ್ಲಿ ಇರುವ ಬಯಲು ಒಂದೇ, ಅದರ ಅಂಚಿಗೆ ದೊಡ್ಡದೊಂದು ಹುಣಸೆಮರ. ಮರವಾಗಲಿ ಗೋಡೆಯಾಗಲಿ ಇದ್ದರೆ ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇರಬೇಕು. ಮರದ ಎತ್ತರ ಎಷ್ಟು ಎಂದು ಹೈಸ್ಕೂಲಿನವರು ಕೇಳಿದರು. ಮರ ಹತ್ತದೆ ಅದನ್ನು ಕಂಡುಹಿಡಿಯುವುದು ಹೇಗೆ ಎಂದು ನಮ್ಮ ಏಳನೆಯವರು ಈಗ ಒಂದು ಮೀಟರಿನ ಕೋಲು ನೆಟ್ಟು, ಅದರ ನೆರಳನ್ನೂ ಧ್ವಜಕಂಬದ ನೆರಳನ್ನೂ ಅಳೆಯುತ್ತಿದ್ದಾರೆ.